ಹತ್ತಕ್ಕೆ ಮೂರು ಕೊಟ್ಟವರು

ಮಾರ್ಚ್ 9, ಸೋಮವಾರ

ಇಂದು ಬೆಳಿಗ್ಗೆ ಹತ್ತೂಕಾಲಿಗೆ ನನಗೆ ಅನ್ಯಾಯವಾಯಿತು. ದಿನ, ಹೊತ್ತು ಎರಡನ್ನೂ ಬರೆದಿಡುತ್ತಿದ್ದೇನೆ. ಮುಂದೆ ಯಾರಾದರೂ ಹಾಗೇನೂ ಆಗಲೇ ಇಲ್ಲ ಎಂದರೆ ತೋರಿಸಲು ಒಂದು ಹಾಳೆಯಾದರೂ ಇರಲಿ.

ವಿಶ್ವವಿದ್ಯಾಲಯದವರು ಇಂಟರ್‌ನೆಟ್ಟಿನಲ್ಲಿ ಕೆಲವು ಕೋರ್ಸುಗಳನ್ನು ಎಲ್ಲರಿಗೂ ಬಿಟ್ಟಿದ್ದಾರೆ. ಶುಲ್ಕವಿಲ್ಲ. ವಯಸ್ಸು ಕೇಳುವುದಿಲ್ಲ, ಹಿಂದೆ ಏನು ಓದಿದ್ದೀರಿ ಎಂದೂ ಕೇಳುವುದಿಲ್ಲ. ನಾನು ಸೇರಿರುವುದು ‘ನಗರ ಮತ್ತು ಅದರ ನೀರು’ ಎಂಬ ಎಂಟು ವಾರದ ಕೋರ್ಸಿಗೆ. ಮೂವತ್ತನಾಲ್ಕು ವರ್ಷ ನೀರು ಶುದ್ಧೀಕರಣ ಘಟಕದಲ್ಲಿ ಆಪರೇಟರ್ ಆಗಿದ್ದವನಿಗೆ ನೀರಿನ ಪಾಠ ಯಾಕೆ ಎಂದು ಅಕ್ಕನ ಮಗಳು ನಕ್ಕಳು. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ ನಾನು. ಗ್ರಂಥಾಲಯದ ಮೆಟ್ಟಿಲನ್ನು ಮಾತ್ರ ಸವೆಸಿದ್ದೇನೆ. ಪಾಸಾದವರಿಗೆ ವಿಶ್ವವಿದ್ಯಾಲಯದ ಮುದ್ರೆಯಿರುವ ಪತ್ರ ಬರುತ್ತದೆ. ಅದು ನನಗೆ ಬೇಕು.

ಇಲ್ಲಿ ಪ್ರಬಂಧಗಳನ್ನು ಮೇಷ್ಟ್ರು ತಿದ್ದುವುದಿಲ್ಲ. ಸಾವಿರಾರು ಜನ ಸೇರಿದರೆ ಯಾವ ಮೇಷ್ಟ್ರಿಗೆ ಕಣ್ಣು ಉಳಿದೀತು? ಒಬ್ಬೊಬ್ಬರ ಬರಹವನ್ನು ಬೇರೆ ಮೂವರು ವಿದ್ಯಾರ್ಥಿಗಳು ಓದಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ. ಯಾರು ಕೊಟ್ಟರೆಂಬುದು ಗುಟ್ಟು. ಮೂರೂ ಸೇರಿ ಹದಿನೆಂಟು ಬಂದರೆ ಪಾಸು. ನನಗೆ ಒಬ್ಬರು ಎಂಟು ಕೊಟ್ಟಿದ್ದಾರೆ, ಇನ್ನೊಬ್ಬರು ಏಳು. ಮೂರನೆಯ ಮಹಾಶಯರು ಮೂರು. ಕೆಳಗೊಂದು ಸಾಲು: ‘ಬರೆದವರ ಮೂಗನ್ನು ಬಿಟ್ಟರೆ ಬೇರೆ ಆಧಾರವಿಲ್ಲ.’

ಆಧಾರವಿಲ್ಲ! ಈ ಮಾತನ್ನು ನಾನು ಮೊದಲ ಸಲ ಓದುತ್ತಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ, ಜೂನ್ ಹದಿನಾಲ್ಕರ ಬೆಳಗಿನ ಪಾಳಿಯಲ್ಲಿ, ಒಳಬರುವ ನೀರಿಗೆ ಕೊಳೆತ ನಾತವಿದೆ, ಪಂಪು ನಿಲ್ಲಿಸಬೇಕು ಎಂದು ಡ್ಯೂಟಿ ಪುಸ್ತಕದಲ್ಲಿ ಬರೆದಿದ್ದೆ. ಎಂಜಿನಿಯರ್ ಸಾಹೇಬರು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಆಧಾರವಿಲ್ಲ’ ಎಂದು ಗೀಚಿ ಸಹಿ ಹಾಕಿದರು. “ಯಾವ ಕಾಲೇಜಲ್ಲಿ ಓದಿದೆಯಪ್ಪ ಈ ವಾಸನೆಶಾಸ್ತ್ರ?” ಎಂದು ಎಲ್ಲರೆದುರು ಕೇಳಿದರು. ಎಲ್ಲರೂ ನಕ್ಕರು. ನೀರಿನ ಮಾದರಿಯ ಬಾಟಲಿ ಪ್ರಯೋಗಾಲಯಕ್ಕೆ ಹೋಗಿ ವರದಿ ಬರಲು ನಾಲ್ಕು ದಿನ. ಮೂರನೆಯ ದಿನಕ್ಕೇ ಕೆಳಗಿನ ಬೀದಿಗಳಲ್ಲಿ ನೂರಾರು ಜನ ಹಾಸಿಗೆ ಹಿಡಿದರು, ಮೂವರು ಏಳಲಿಲ್ಲ. ವಿಚಾರಣೆಯವರು ‘ಯಾರೂ ಮುನ್ಸೂಚನೆ ಕೊಟ್ಟಿರಲಿಲ್ಲ’ ಎಂದು ಬರೆದು ಕಡತ ಮುಚ್ಚಿದರು. ಡ್ಯೂಟಿ ಪುಸ್ತಕದ ಆ ಹಾಳೆಯ ನಕಲು ನನ್ನ ಟ್ರಂಕಿನಲ್ಲಿದೆ. ನನ್ನ ಪ್ರಬಂಧ ಆ ದಿನದ ಬಗ್ಗೆಯೇ. ಮುದ್ರೆಯ ಪತ್ರ ಬೇಕಿರುವುದು ಆ ಹಾಳೆಯ ಪಕ್ಕದಲ್ಲಿಡಲು.

“ಎಂಟು, ಏಳು, ಮೂರು. ಹದಿನೆಂಟಾಯ್ತಲ್ಲ ಮಾಮ,” ಎಂದಳು ಅಕ್ಕನ ಮಗಳು. ಬಸ್ ಕಂಡಕ್ಟರ್ ಅವಳು, ಕೂಡುವುದರಲ್ಲಿ ಚುರುಕು. “ಪಾಸಾಗಿದ್ದೀರಿ. ಇನ್ನೇನು ಗಲಾಟೆ?”

“ಪಾಸಿನ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ.”

“ಸೀಟು ಸಿಕ್ಕಮೇಲೂ ಜಗಳ ಆಡೋರನ್ನ ನಾನು ದಿನಾ ನೋಡ್ತೀನಿ ಬಿಡಿ.”

ನಾನೂ ಮೂವರ ಬರಹ ತಿದ್ದಿದ್ದೇನೆ, ಮೊನ್ನೆ ನಾಲ್ಕನೇ ತಾರೀಕು. ಮನಸ್ಸಿಟ್ಟು ತಿದ್ದಿದೆ. ಒಬ್ಬನದು ಪರವಾಗಿಲ್ಲ. ಇನ್ನೊಬ್ಬ ಪುಸ್ತಕದಿಂದ ಎತ್ತಿ ಸುರಿದಿದ್ದ. ಮೂರನೆಯದು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವವಳೊಬ್ಬಳ ಹರಟೆ. ಅದಕ್ಕೆ ಯೋಗ್ಯತೆಗೆ ತಕ್ಕಷ್ಟು ಕೊಟ್ಟೆ. ಅಂಕ ಕೊಡುವುದೆಂದರೆ ಹಾಗೆ. ನಿರ್ದಾಕ್ಷಿಣ್ಯ, ಆದರೆ ನ್ಯಾಯ.

ಮಾರ್ಚ್ 10, ಮಂಗಳವಾರ

ವಿಶ್ವವಿದ್ಯಾಲಯಕ್ಕೆ ನಾಲ್ಕು ಪುಟದ ದೂರು ಕಳಿಸಿದೆ. ಒಂದೇ ನಿಮಿಷದಲ್ಲಿ ಉತ್ತರ: ‘ನಿಮ್ಮ ಸಂದೇಶ ನಮಗೆ ಅಮೂಲ್ಯ. ದಯವಿಟ್ಟು ಈ ವಿಳಾಸಕ್ಕೆ ಉತ್ತರಿಸಬೇಡಿ.’ ನಾಲ್ಕು ಪುಟವನ್ನು ನಿಮಿಷದಲ್ಲಿ ಓದಿ ಮುಗಿಸುವ ವಿದ್ವಾಂಸರಿಗೆ ನಮಸ್ಕಾರ. ಮತ್ತೆ ಕಳಿಸಿದೆ.

ಮಾರ್ಚ್ 12, ಗುರುವಾರ

ಅಕ್ಕನಿಗೆ ಪಾರ್ಶ್ವವಾಯು ಬಡಿದು ಎರಡು ತಿಂಗಳು ಮೀರಿತು. ಬಲಗೈ, ಬಲಗಾಲು ಇನ್ನೂ ಅವಳ ಮಾತು ಕೇಳುವುದಿಲ್ಲ. ನಾಲಿಗೆಯೂ ಅರ್ಧ ಮಾತ್ರ ಕೇಳುತ್ತದೆ. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದು ಊರಿಗೆಲ್ಲ ಬಟ್ಟೆ ಹೊಲಿದವಳು. ಯಂತ್ರಕ್ಕೆ ಹೊದಿಕೆ ಹಾಕಿ ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಾನು ಪಾಠ ಕೇಳುತ್ತೇನೆ. ಮಗಳು ಡ್ಯೂಟಿಗೆ ಹೋದಮೇಲೆ ಮನೆಯಲ್ಲಿ ನಾವಿಬ್ಬರೇ. ಆರಕ್ಕೆ ಮಾತ್ರೆ, ಹತ್ತಕ್ಕೆ ಮಗ್ಗುಲು ಬದಲಿಸುವುದು, ಚಮಚದಲ್ಲಿ ಊಟ, ಎರಡಕ್ಕೆ ಮಾತ್ರೆ, ಮತ್ತೆ ಮಗ್ಗುಲು. ಸೊಂಟ ನನ್ನದೋ ಇನ್ನೊಬ್ಬರದೋ ತಿಳಿಯದ ಹಾಗಾಗಿದೆ.

ಇವತ್ತು ಮಾತ್ರೆಯ ಹೊತ್ತಿಗೆ ಲೋಟವನ್ನು ಎಡಗೈಯಿಂದ ತಳ್ಳಿದಳು. “ನೀರು… ಈ ನೀರು…”

“ತಣ್ಣಗಿದೆಯಾ? ಬೆಚ್ಚಗೆ ಮಾಡಲಾ?”

ತಲೆಯಾಡಿಸಿದಳು, ಅಲ್ಲ ಎಂದು. “ಚೆನ್ನಾಗಿ… ಚೆನ್ನಾಗಿಲ್ಲ.”

ಮೂಸಿದೆ. ಏನೂ ಇಲ್ಲ. ನೀರು ನೀರಿನ ಹಾಗಿದೆ. ಕಾಯಿಲೆಯಲ್ಲಿ ರುಚಿ ಕೆಡುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. “ನೀರಿನ ವಿಷಯ ನನಗೆ ಹೇಳಿಕೊಡಬೇಡ ಅಕ್ಕ, ಮೂವತ್ತನಾಲ್ಕು ವರ್ಷ ಅದರಲ್ಲೇ ನೆನೆದಿದ್ದೇನೆ,” ಎಂದು ಕುಡಿಸಿದೆ. ಕುಡಿದಳು. ಕಣ್ಣು ಮುಚ್ಚಿಕೊಂಡೇ ಕುಡಿದಳು.

ಮಾರ್ಚ್ 14, ಶನಿವಾರ

ಈ ಸಲ ಮನುಷ್ಯರು ಬರೆದ ಉತ್ತರವೇ ಬಂದಿದೆ, ಆದರೆ ಯಂತ್ರದ್ದೇ ವಾಸಿ ಅನ್ನಿಸಿತು. ಯಥಾವತ್ತಾಗಿ ಇಳಿಸುತ್ತೇನೆ: ‘ಸಹವಿದ್ಯಾರ್ಥಿಗಳು ಕೊಟ್ಟ ಅಂಕವನ್ನು ವಿಶ್ವವಿದ್ಯಾಲಯ ಬದಲಿಸುವುದಿಲ್ಲ. ಅಂಕ ಕೊಟ್ಟವರೇ ಇಚ್ಛಿಸಿದರೆ ಮಾರ್ಚ್ 25ರ ಸಂಜೆ ಐದರೊಳಗೆ ಚರ್ಚಾಫಲಕದಲ್ಲಿ ತಮ್ಮ ಗುರುತು ಹೇಳಿ, ಕಾರಣ ಕೊಟ್ಟು, ಅದನ್ನು ತಿದ್ದಬಹುದು. ಹಾಗೆ ತಿದ್ದಿದವರ ಸ್ವಂತ ಒಟ್ಟು ಅಂಕದಿಂದ ಎರಡು ಅಂಕ ಕಳೆಯಲಾಗುವುದು.’

ತಪ್ಪು ಮಾಡಿದವನು ತಾನಾಗಿ ಬೀದಿಗೆ ಬಂದು ‘ನಾನೇ’ ಎನ್ನಬೇಕಂತೆ, ಅಂದಮೇಲೆ ದಂಡವನ್ನೂ ತೆರಬೇಕಂತೆ. ಬೆಕ್ಕು ತಾನೇ ತನ್ನ ಕೊರಳಿಗೆ ಗಂಟೆ ಕಟ್ಟಿಕೊಳ್ಳಲಿ ಎಂದ ಹಾಗೆ. ಇಪ್ಪತ್ತೆರಡು ವರ್ಷದಲ್ಲಿ ಆ ಎಂಜಿನಿಯರು ಬಂದು ‘ನಾನೇ’ ಅಂದರೇ? ಇವರು ಅಂದಾರೇ?

ಆದರೂ ವಿದ್ಯಾರ್ಥಿಗಳೆಲ್ಲ ಓದುವ ಆ ಫಲಕದಲ್ಲಿ ಬರೆದೆ: ‘ನೀರಿನ ನಾತದ ಪ್ರಬಂಧಕ್ಕೆ ಮೂರು ಕೊಟ್ಟವರು ಮರೆಯಿಂದ ಹೊರಬರಲಿ.’ ಯಾರೂ ಬರಲಿಲ್ಲ.

ಮಾರ್ಚ್ 16, ಸೋಮವಾರ

ಅಕ್ಕ ಮತ್ತೆ ನೀರಿನ ತಕರಾರು ತೆಗೆದಳು. ಲೋಟ ಕಂಡರೆ ಮುಖ ತಿರುಗಿಸುತ್ತಾಳೆ. ಸರಿ, ಅನುಮಾನ ಯಾಕೆ ಎಂದು ಟ್ರಂಕಿನಿಂದ ಹಳೆಯ ಪರೀಕ್ಷೆಯ ಸಾಮಾನು ತೆಗೆದೆ. ಗಾಜಿನ ಕೊಳವೆಯಲ್ಲಿ ನೀರು ಹಿಡಿದು ಎರಡು ತೊಟ್ಟು ದ್ರಾವಣ ಬಿಟ್ಟರೆ, ಕ್ಲೋರಿನ್ ಇದ್ದರೆ ಹಳದಿ ಬಣ್ಣ ಬರುತ್ತದೆ. ಮೀಟರಿನ ಪಕ್ಕದ ನಲ್ಲಿಯಿಂದ ಹಿಡಿದೆ. ಚೆಂದದ ತಿಳಿಹಳದಿ. ಇದಕ್ಕಿಂತ ಒಳ್ಳೆಯ ನೀರನ್ನು ನಾನೇ ಕಳಿಸಿರಲಿಲ್ಲ. ಕೊಳವೆಯನ್ನು ಅಕ್ಕನ ಕಣ್ಣೆದುರು ಹಿಡಿದು ತೋರಿಸಿದೆ.

“ನೋಡು, ಇದು ಪುರಾವೆ. ನಿನ್ನ ಹತ್ತಿರ ಏನಿದೆ?”

ಎಡಗೈ ಎತ್ತಿ ಮೂಗು ಮುಟ್ಟಿಕೊಂಡಳು.

ಫಲಕದಲ್ಲಿ ಉತ್ತರವಿಲ್ಲ.

ಮಾರ್ಚ್ 18, ಬುಧವಾರ

ಅಕ್ಕನಿಗೆ ನಿನ್ನೆಯಿಂದ ಭೇದಿ. ಜ್ವರ. ಏಳು ಸಲ ಹಾಸಿಗೆ ಬದಲಿಸಿದೆ. ಬರೆಯಲು ಕೈ ಏಳುತ್ತಿಲ್ಲ.

ಮಾರ್ಚ್ 19, ಗುರುವಾರ

ಡಾಕ್ಟರು ಮನೆಗೇ ಬಂದು ಕೈಗೆ ಸೂಜಿ ಚುಚ್ಚಿ ಬಾಟಲಿ ಏರಿಸಿ ಹೋದರು. “ಈ ವಯಸ್ಸು, ಈ ಮೈ… ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಾಗ್ತಿತ್ತು. ನೀರು ಎಲ್ಲಿಂದ ಕುಡಿಸ್ತೀರಿ?” ಎಂದು ಕೇಳಿದರು. ಪರೀಕ್ಷೆ ಮಾಡಿದ್ದೇನೆ ಎಂದು ನಾನು ಹೇಳುವಷ್ಟರಲ್ಲಿ ಅಕ್ಕನ ಮಗಳು ಕೇಳಿದಳು:

“ಎಲ್ಲಿಂದ ಹಿಡಿದು ಪರೀಕ್ಷೆ ಮಾಡಿದ್ರಿ ಮಾಮ?”

“ಮೀಟರ್ ಹತ್ತಿರದಿಂದ. ಎಲ್ಲಿಂದ ಹಿಡೀತಾರೆ ಮತ್ತೆ? ಇಲಾಖೆಯ ಜವಾಬ್ದಾರಿ ಮೀಟರಿನ ತನಕ.”

“ಅಮ್ಮ ಮೀಟರಿಗೆ ಬಾಯಿಟ್ಟು ಕುಡೀತಾಳಾ? ಅಡುಗೆಮನೆ ನಲ್ಲಿಗೆ ಬರೋದು ಮಾಳಿಗೆ ಟ್ಯಾಂಕಿನ ನೀರು!”

ಯೂನಿಫಾರ್ಮಿನಲ್ಲೇ ಏಣಿ ಹತ್ತಿದಳು. ಮುಚ್ಚಳ ಅರ್ಧ ಸರಿದಿತ್ತಂತೆ. ಒಳಗೆ ಪಾರಿವಾಳ. ಎಷ್ಟು ದಿನದ್ದೋ. ಮೂಗಿಗೆ ತೋಳು ಒತ್ತಿಕೊಂಡು ಇಳಿದು ಬಂದು ಬಚ್ಚಲಲ್ಲಿ ವಾಂತಿ ಮಾಡಿದಳು. ಬಾಯಿ ತೊಳೆದುಕೊಂಡು ನೇರ ಅಮ್ಮನ ಹಾಸಿಗೆಯ ಹತ್ತಿರ ಹೋದಳು. ಬೈದಿದ್ದರೆ ಆಗುತ್ತಿತ್ತು.

ಮೂವತ್ತನಾಲ್ಕು ವರ್ಷ ಮೀಟರಿನ ತನಕ ನೋಡಿದವನು, ಅಲ್ಲಿಂದಾಚೆಗೆ ನೋಡಲಿಲ್ಲ.

ಮಾರ್ಚ್ 21, ಶನಿವಾರ

ಅಕ್ಕನ ಜ್ವರ ಇಳಿದಿದೆ. ಟ್ಯಾಂಕು ಬರಿದು ಮಾಡಿ ಉಜ್ಜಿ ತೊಳೆದು ಬ್ಲೀಚಿಂಗ್ ಪುಡಿ ಹಾಕಿದೆ. ಕೆಳಗೆ ನಿಂತು ಏಣಿ ಹಿಡಿದಿದ್ದ ಅಕ್ಕನ ಮಗಳು ಕೆಮ್ಮಿದಳು.

“ಅಬ್ಬಾ, ಏನು ಘಾಟು! ಮಾಮ, ನಿಮಗೆ ಮೂಗು ಉರೀತಿಲ್ವಾ?”

“ಇಲ್ಲವಲ್ಲ.”

“ಡಬ್ಬದೊಳಗೇ ತಲೆ ಇಟ್ಟಿದ್ದೀರಿ!”

ನೆಗಡಿ ಆಗಿರಬೇಕು. ಘಟಕದಲ್ಲಿ ಕ್ಲೋರಿನ್ ಸಿಲಿಂಡರು ಸೋರಿದರೆ ಎಲ್ಲರಿಗಿಂತ ಮೊದಲು ಹಿಡಿಯುತ್ತಿದ್ದವನು ನಾನು. ಅದೇ ಅನಿಲ ಅಷ್ಟು ವರ್ಷ ನನ್ನ ಮೂಗಿನಲ್ಲಿ ಹಾಯ್ದಿದೆ. ನೆಗಡಿಯೇ ಇರಬೇಕು.

ಮಾರ್ಚ್ 22, ಭಾನುವಾರ

ಮೂರು ಕೊಟ್ಟ ಮಹಾಶಯರು ಬಂದರೋ ನೋಡಲು ಫಲಕ ತೆರೆದೆ. ಅವರಿಲ್ಲ. ನನ್ನ ಬರಹದ ಕೆಳಗೆ ಬೇರೊಬ್ಬರು ಬರೆದಿದ್ದರು:

‘ಸರ್, ನಿಮಗೆ ಆದದ್ದೇ ನನಗೂ ಆಗಿದೆ. ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವವಳು. ಏಳು, ಆರು, ಮೂರು ಬಂದು ಎರಡೇ ಅಂಕದಲ್ಲಿ ಉಳಿದುಹೋದೆ. ಇದು ಪಾಸಾದರೆ ಮಾತ್ರ ಮುಂದಿನ ಆಸ್ಪತ್ರೆ ಶುಚಿತ್ವದ ಕೋರ್ಸಿಗೆ ಸೇರಿಸಿಕೊಳ್ಳುತ್ತಾರೆ. ಅದು ಆದರೆ ವಾರ್ಡಿನ ಶುಚಿತ್ವದ ಮೇಲ್ವಿಚಾರಣೆ ಕೊಡುತ್ತೇವೆ ಎಂದಿದ್ದಾರೆ. ಆಗ ನಾನು ಹೇಳಿದ್ದನ್ನು ಬರೆದುಕೊಳ್ಳಲೇಬೇಕಾಗುತ್ತದೆ. ನನಗೆ ಮೂರು ಕೊಟ್ಟವರು ಬರೆದದ್ದು ಇಷ್ಟೇ: ಆಧಾರವಿಲ್ಲ, ವಾಸನೆ ವಿಜ್ಞಾನವಲ್ಲ. ನಿಮ್ಮ ಹಾಗೆ ಗಟ್ಟಿಯಾಗಿ ಕೇಳುವ ಧೈರ್ಯ ನನಗಿರಲಿಲ್ಲ. ನೀವು ಕೇಳಿದ್ದು ನೋಡಿ ಕೇಳುತ್ತಿದ್ದೇನೆ.’

ಓದಿ ಲ್ಯಾಪ್‌ಟಾಪ್ ಮುಚ್ಚಿದೆ. ಅಕ್ಕನ ಮಗ್ಗುಲು ಬದಲಿಸುವ ಹೊತ್ತಾಗಿತ್ತು.

ಮಾರ್ಚ್ 23, ಸೋಮವಾರ

ಆ ಪ್ರಬಂಧವನ್ನು ಮತ್ತೆ ತೆಗೆದೆ. ನಾಲ್ಕನೇ ತಾರೀಕು ಎಷ್ಟು ಓದಿದ್ದೆನೋ ಗೊತ್ತಿಲ್ಲ. ಮೊದಲ ಪುಟ ಬಿಟ್ಟರೆ ಉಳಿದದ್ದೆಲ್ಲ ಹೊಸದಾಗಿ ಕಂಡಿತು. ಅಕ್ಕ ಎಚ್ಚರವಾಗಿದ್ದಳು, ಗಟ್ಟಿಯಾಗಿ ಓದಿದೆ.

ಒಗೆದ ಚಾದರಗಳು ಬಿಸಿ ರೋಲರಿನಡಿ ಹಾಯುವಾಗ ಆವಿ ಏಳುತ್ತದಂತೆ. ಹತ್ತೊಂಬತ್ತು ವರ್ಷ ಆ ಆವಿಯೆದುರು ನಿಂತವರು ಅವರು. ಒಂದು ಮಂಗಳವಾರ ಆವಿಯ ವಾಸನೆ ಬೇರೆಯಾಯಿತು. ಸೋಪು ಅದೇ, ಬಟ್ಟೆ ಅದೇ, ಬದಲಾಗಿದ್ದರೆ ನೀರೇ. ಮೇಲ್ವಿಚಾರಕನಿಗೆ ಹೇಳಿದರು, ಇನ್ನಷ್ಟು ಸೋಪು ಹಾಕು ಎಂದ. ಗುರುವಾರ ಹೆರಿಗೆ ವಾರ್ಡಿನ ಕೂಸುಗಳ ಮೈಮೇಲೆ ಕೆಂಪು ಬೊಬ್ಬೆ. ಅವರು ಅಂದಿನಿಂದ ಒಂದು ಪುಸ್ತಕ ಇಟ್ಟಿದ್ದಾರೆ: ದಿನಾಂಕ, ಆವಿ ಹೇಗಿತ್ತು, ವಾರ್ಡಿನಲ್ಲಿ ಏನಾಯಿತು. ಹದಿನಾಲ್ಕು ತಿಂಗಳು. ಅದರ ನಾಲ್ಕು ಪುಟಗಳನ್ನು ಪ್ರಬಂಧದ ಕೊನೆಗೆ ಸೇರಿಸಿದ್ದಾರೆ. ಆ ಪುಟಗಳನ್ನು ನಾನು ತೆರೆದೇ ಇರಲಿಲ್ಲ.

ಅಕ್ಕ ಪೂರ್ತಿ ಕೇಳಿದಳು. “ಇಸ್ತ್ರಿ…” ಎಂದಳು. ಬಹಳ ಹೊತ್ತಾದ ಮೇಲೆ, “ಇಸ್ತ್ರಿಯಲ್ಲಿ… ಗೊತ್ತಾಗುತ್ತೆ,” ಎಂದಳು. ನಲವತ್ತು ವರ್ಷ ಬಟ್ಟೆಗೆ ಇಸ್ತ್ರಿ ಹಾಕಿದವಳು. ಆಮೇಲೆ, “ಎಷ್ಟು?”

“ಏನು ಎಷ್ಟು?”

“ಅಂಕ.”

“ಮೂರು. ಹತ್ತಕ್ಕೆ.”

“ಯಾರು?”

“ಯಾರೋ ಒಬ್ಬ.”

“ಕತ್ತೆ,” ಎಂದಳು. ಕಾಯಿಲೆ ಬಿದ್ದಮೇಲೆ ಅವಳು ಇಷ್ಟು ಸ್ಪಷ್ಟವಾಗಿ ಆಡಿದ ಮಾತು ಇದೇ ಮೊದಲು.

ಮಾರ್ಚ್ 24, ಮಂಗಳವಾರ

ಲೆಕ್ಕ ಸುಲಭ. ಹದಿನೆಂಟರಲ್ಲಿ ಎರಡು ಕಳೆದರೆ ಹದಿನಾರು. ಮುದ್ರೆಯ ಪತ್ರವಿಲ್ಲ. ಟ್ರಂಕಿನ ಹಾಳೆ ಒಂಟಿಯಾಗಿಯೇ ಇರಬೇಕು.

ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹೆಸರು ಗುಟ್ಟು. ಆ ಲಾಂಡ್ರಿಯವರು ಮುಂದಿನ ವರ್ಷ ಮತ್ತೆ ಕೂರಬಹುದು. ಇದನ್ನೆಲ್ಲ ಅಕ್ಕನ ಮಗಳಿಗೆ ಹೇಳಿದೆ, ಬೇರೆ ಯಾರದೋ ಕಥೆಯೆಂಬಂತೆ. ಅವಳು ಬೂಟು ಕಳಚುತ್ತ ಕೇಳಿದಳು.

“ಆ ಎಂಜಿನಿಯರ್ರೂ ಹೀಗೇ ಲೆಕ್ಕ ಹಾಕಿರ್ತಾರೆ ಅಲ್ವಾ ಮಾಮ?”

ಕಥೆ ನನ್ನದೇ ಎಂದು ಇವಳಿಗೆ ಯಾರು ಹೇಳಿದರು? ಅಕ್ಕನಿಗೆ ಅಷ್ಟು ಮಾತು ಬರುವುದಿಲ್ಲವಲ್ಲ.

ಟ್ರಂಕು ತೆಗೆದು ಹಾಳೆ ನೋಡಿದೆ. ನಕಲಿನಲ್ಲಿ ಕೆಂಪು ಶಾಯಿ ಕಪ್ಪಾಗಿ ಮೂಡಿದೆ. ಅಕ್ಷರ ದುಂಡಗೆ, ಚೆನ್ನಾಗಿದೆ. ಅದನ್ನು ಬರೆಯಲು ಅವರಿಗೆ ಎಷ್ಟು ಹೊತ್ತು ಹಿಡಿದಿರಬಹುದು? ನನಗೆ ಅರ್ಧ ನಿಮಿಷ ಹಿಡಿದಿತ್ತು.

ಮಾರ್ಚ್ 25, ಬುಧವಾರ

ಬೆಳಿಗ್ಗೆ ಅಡುಗೆಮನೆ ನಲ್ಲಿಯ ನೀರು ಹಿಡಿದು ತಂದು ಲೋಟವನ್ನು ಅಕ್ಕನ ಮೂಗಿನ ಹತ್ತಿರ ಹಿಡಿದೆ. ಮೂಸಿದಳು, ಸರಿಯಾಗಿದೆ ಎಂದು ತಲೆಯಾಡಿಸಿದಳು. ಆಮೇಲೆ ಇಬ್ಬರೂ ಕುಡಿದೆವು. ಮೂಸಲು ಅವಳಿಗೆ ಕೊಟ್ಟದ್ದು, ನನ್ನ ನೆಗಡಿ ಇನ್ನೂ ಬಿಟ್ಟಿಲ್ಲ, ಅದಕ್ಕೆ.

ಎರಡು ಗಂಟೆಯ ಮಾತ್ರೆ ಕೊಟ್ಟು ಕೂತವನು ನಾಲ್ಕೂವರೆಯ ತನಕ ಬರೆದೆ. ಮೊದಲ ಸಲ ಐದು ಪುಟವಾಯಿತು, ಎಂಜಿನಿಯರು, ವಿಚಾರಣೆ, ಎಲ್ಲ ಬಂದವು. ಅಳಿಸಿದೆ. ಕಡೆಗೆ ಫಲಕದಲ್ಲಿ ಹಾಕಿದ್ದು ಇದು, ನಕಲು ಇಲ್ಲಿರಲಿ:

‘ಆಸ್ಪತ್ರೆಯ ಚಾದರಗಳ ಪ್ರಬಂಧಕ್ಕೆ ಮಾರ್ಚ್ 4ರಂದು ಹತ್ತಕ್ಕೆ ಮೂರು ಕೊಟ್ಟವನು ನಾನು. ನೀರಿನ ನಾತದ ಬಗ್ಗೆ ಇಲ್ಲಿ ಗಲಾಟೆ ಮಾಡಿದವನೂ ನಾನೇ. ಆಧಾರವಿಲ್ಲ ಎಂದು ಬರೆದೆ. ಆಧಾರ ಪ್ರಬಂಧದ ಕೊನೆಯ ನಾಲ್ಕು ಪುಟಗಳಲ್ಲಿತ್ತು, ನಾನು ತೆರೆಯಲಿಲ್ಲ. ವಾಸನೆ ವಿಜ್ಞಾನವಲ್ಲ ಎಂದೆ. ಹದಿನಾಲ್ಕು ತಿಂಗಳು ದಿನಾಂಕ ಹಾಕಿ ಬರೆದಿಟ್ಟ ವಾಸನೆಗೆ ಬೇರೆ ಯಾವ ಹೆಸರಿದೆಯೋ ನನಗೆ ತಿಳಿಯದು. ಆ ಮೂರನ್ನು ಎಂಟಕ್ಕೆ ತಿದ್ದುತ್ತಿದ್ದೇನೆ. ತಾಯಿ, ನೀವು ನನ್ನನ್ನು ನೋಡಿ ಧೈರ್ಯ ತಂದುಕೊಂಡೆ ಎಂದಿರಿ. ಆ ಮಾತನ್ನು ದಯವಿಟ್ಟು ಹಿಂದೆ ತೆಗೆದುಕೊಳ್ಳಿ, ಧೈರ್ಯವನ್ನು ಇಟ್ಟುಕೊಳ್ಳಿ.

‘ನನ್ನ ಎರಡು ಅಂಕ ಕಳೆಯಿರಿ. ನಾನು ಪಾಸಾಗುವುದಿಲ್ಲ, ಗೊತ್ತು. ನನಗೆ ಮೂರು ಕೊಟ್ಟವರನ್ನು ಇನ್ನು ಹುಡುಕುವುದಿಲ್ಲ.

‘ಆದರೆ ವಿಶ್ವವಿದ್ಯಾಲಯದವರಲ್ಲಿ ಒಂದು ಪ್ರಶ್ನೆ ಇದೆ. ಬಾಗಿಲನ್ನು ಎಲ್ಲರಿಗೂ ತೆರೆದಿದ್ದೀರಿ, ಸಂತೋಷ. ಒಳಗೆ ಬಂದವರನ್ನು ಒಬ್ಬರಿಗೊಬ್ಬರು ಮೇಷ್ಟ್ರನ್ನಾಗಿ ಮಾಡಿ ನೀವು ಎದ್ದುಹೋದಿರಿ. ನಿಮ್ಮ ಜವಾಬ್ದಾರಿ ಯಾವ ಮೀಟರಿನ ತನಕ? ಓದದೆ ಅಂಕ ಕೊಟ್ಟವನು ಮರೆಯಲ್ಲೇ ಕೂತರೆ ಪಾಸಾಗುತ್ತಾನೆ. ಎದ್ದು ಬಂದು ತಪ್ಪಾಯಿತು ಎಂದರೆ ಫೇಲಾಗುತ್ತಾನೆ. ಈ ನಿಯಮ ಬರೆದವರು ಯಾರು? ಅವರು ಯಂತ್ರದ ಕೈಲಿ ಹೇಳಿಸಬಾರದು, ನನ್ನೊಬ್ಬನ ವಿಳಾಸಕ್ಕೆ ಕಳಿಸಬಾರದು. ಇದೇ ಫಲಕದ ಮೇಲೆ, ಆ ತಾಯಿಯೂ ಸಾವಿರಾರು ವಿದ್ಯಾರ್ಥಿಗಳೂ ಓದುವ ಹಾಗೆ, ತಮ್ಮ ಹೆಸರು ಹಾಕಿ ಉತ್ತರ ಬರೆಯಲಿ.’